ಡ್ರಿಲ್ ಸಲೀಸಾಗಿ ಮುಗಿಯಿತು, ಅದೇ ನನಗೆ ಭಯ

ಕಡತದ ಹುಳು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಾನು ಕೆಲಸ ಮಾಡುವ ಕಡೆ ಸುಮಾರು 400 ಜನ ಇದ್ದೇವೆ. ಮೂರು ಕಟ್ಟಡ, ಎರಡು ಶಿಫ್ಟ್. ಕಳೆದ ವರ್ಷ ಆಡಿಟ್‌ಗೆ ಬಂದವರು "ನಿಮ್ಮ ತುರ್ತು ಯೋಜನೆ ಎಲ್ಲಿ, ತೋರಿಸಿ" ಎಂದರು. ಇರಲಿಲ್ಲ. ಆ ದಿನ ಆಡಳಿತ ವಿಭಾಗದಲ್ಲಿ ಕೈ ಖಾಲಿ ಇದ್ದಂತೆ ಕಂಡವಳು ನಾನೊಬ್ಬಳೇ ಇರಬೇಕು, ಕೆಲಸ ನನ್ನ ತಲೆಗೆ ಬಂತು. ಮೂರು ವಾರದಲ್ಲಿ 64 ಪುಟ ಬರೆದೆ. ಬರೆದೆ ಅನ್ನುವುದು ಸುಳ್ಳು. ಇನ್ಯಾರದೋ ಯೋಜನೆಯನ್ನು ಇಳಿಸಿಕೊಂಡು ಹೆಸರು ಬದಲಿಸಿದೆ. ಒಂದು ಪುಟದಲ್ಲಿ ಹಳೆಯ ಸಂಸ್ಥೆಯ ಹೆಸರು ಹಾಗೇ ಉಳಿದಿತ್ತು. ಐದು ಜನ ಸಹಿ ಹಾಕಿದರು, ಒಬ್ಬರೂ ಅದನ್ನು ಹೇಳಲಿಲ್ಲ.

ಹೋದ ತಿಂಗಳು ಡ್ರಿಲ್ ಮಾಡಿದೆವು. ಮಂಗಳವಾರ ಬೆಳಿಗ್ಗೆ 11ಕ್ಕೆ. ಎರಡು ದಿನ ಮೊದಲೇ ಎಲ್ಲರಿಗೂ ಮೇಲ್ ಹೋಗಿತ್ತು. ಗಂಟೆ ಬಾರಿಸಿತು, ಎಲ್ಲರೂ ಹರಟುತ್ತಾ ಇಳಿದು ಬಂದರು, 7 ನಿಮಿಷಕ್ಕೆ ಮೈದಾನದಲ್ಲಿ ಸಾಲಾಗಿ ನಿಂತರು. ನಿರ್ದೇಶಕರು ಫೋಟೋ ತೆಗೆಸಿಕೊಂಡು ಭೇಷ್ ಎಂದರು.

ಎಲ್ಲ ಮುಗಿದ ಮೇಲೆ ಮುಂಬಾಗಿಲ ಮೇಜಿನಲ್ಲಿ ಕೂರುವ ಹುಡುಗಿ ನನ್ನ ಹತ್ತಿರ ಬಂದಳು. "ಮೇಡಂ, ನಿಜವಾಗಲೂ ಏನಾದರೂ ಆದರೆ ನಾನು ಮೊದಲು ಯಾರಿಗೆ ಫೋನ್ ಮಾಡಲಿ?" ಎಂದು ಕೇಳಿದಳು. ನಾನು ಫೈಲ್ ತೆಗೆದು ನೋಡಿದೆ. 31ನೇ ಪುಟದಲ್ಲಿ ಹೀಗಿತ್ತು: "ಸಂಬಂಧಪಟ್ಟ ಅಧಿಕಾರಿಗೆ ಕೂಡಲೇ ತಿಳಿಸತಕ್ಕದ್ದು."

ಯಾರು ಆ ಸಂಬಂಧಪಟ್ಟ ಅಧಿಕಾರಿ? ನನಗೇ ಗೊತ್ತಿಲ್ಲ. ಅವತ್ತಿನಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ.

ಇಲ್ಲಿ ನಿಜವಾದ ಆಪತ್ತು ಕಂಡವರು ಇದ್ದರೆ ಹೇಳಿ. ಆ ಹೊತ್ತಿನಲ್ಲಿ ಯೋಜನೆಯ ಫೈಲ್ ಎಷ್ಟು ಕೆಲಸಕ್ಕೆ ಬಂತು? ಏನು ಇಲ್ಲದೆ ಒದ್ದಾಡಿದಿರಿ? ಪಠ್ಯಪುಸ್ತಕದ ಉತ್ತರ ಬೇಡ, ಅದು ನನ್ನ 64 ಪುಟದಲ್ಲೇ ಇದೆ.

ರಾತ್ರಿಪಾಳಿ:

ಮೇಡಂ, ನಿಮ್ಮ 64 ಪುಟಕ್ಕೆ ಇರುವ ಒಂದೇ ಒಂದು ಪರೀಕ್ಷೆಯ ಪ್ರಶ್ನೆಯನ್ನು ಆ ಹುಡುಗಿ ಕೇಳಿಬಿಟ್ಟಿದ್ದಾಳೆ.

ನಾನು 22 ವರ್ಷ ಕಂಟ್ರೋಲ್ ರೂಂನಲ್ಲಿದ್ದವನು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ರಾತ್ರಿ ಪಾಳಿ. ಈಗ ನಿವೃತ್ತಿ. ಎಲ್ಲಿ ಅಂತ ಕೇಳಬೇಡಿ, ಹೇಳಲ್ಲ. ಒಂದು ರಾತ್ರಿಯ ಕಥೆ ಮಾತ್ರ ಹೇಳ್ತೀನಿ.

ರಾತ್ರಿ 2 ಗಂಟೆ ದಾಟಿತ್ತು. ನೆಲಮಾಳಿಗೆಯಲ್ಲಿ ದೊಡ್ಡ ನೀರಿನ ಪೈಪ್ ಒಡೆಯಿತು. ಪಕ್ಕದ್ದೇ ವಿದ್ಯುತ್ ಪ್ಯಾನೆಲ್ ಇದ್ದ ಕೋಣೆ. ಕರೆಂಟ್ ಹೋಯಿತು. ಜನರೇಟರ್ ತಾನಾಗಿಯೇ ಶುರುವಾಯಿತು, ನಾವು ಉಸಿರು ಬಿಟ್ಟೆವು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಮೇಲಿನ ಸಣ್ಣ ಟ್ಯಾಂಕಿನಲ್ಲಿದ್ದ ಡೀಸೆಲ್ ಮುಗಿದಿತ್ತು. ಅದಕ್ಕೆ ಡೀಸೆಲ್ ಏರಿಸುವ ಪಂಪ್ ಎಲ್ಲಿತ್ತು ಹೇಳಿ? ಅದೇ ನೆಲಮಾಳಿಗೆಯಲ್ಲಿ, ನೀರಿನ ಕೆಳಗೆ.

ಈಗ ಯೋಜನೆ ನೋಡೋಣ ಎಂದರೆ ಅದು ಸರ್ವರ್‌ನಲ್ಲಿದೆ. ಸರ್ವರ್ ಆಫ್. ಅಚ್ಚು ಹಾಕಿದ ಪ್ರತಿ ಮ್ಯಾನೇಜರ್ ಬೀರುವಿನಲ್ಲಿ. ಬೀರುವಿನ ಕೀ ಮ್ಯಾನೇಜರ್ ಮನೆಯಲ್ಲಿ. ಮ್ಯಾನೇಜರ್ ಮನೆಯ ಫೋನ್ ನಂಬರ್ ಯೋಜನೆಯಲ್ಲಿ! ಈಗ ನಗು ಬರುತ್ತೆ. ಅವತ್ತು ಟಾರ್ಚ್ ಹಿಡಿದು ಆ ಬೀರುವಿನ ಮುಂದೆ ನಿಂತಿದ್ದಾಗ ಬಂದಿರಲಿಲ್ಲ.

ಕಡೆಗೆ ನೀರು ನಿಲ್ಲಿಸಿದ್ದು ಯಾರು ಗೊತ್ತಾ? ಗಾರ್ಡ್ ಕೆಲಸದಲ್ಲಿದ್ದ ಒಬ್ಬ ಹಿರಿಯ. ಹಿಂದೆ ಅದೇ ಕಟ್ಟಡ ಕಟ್ಟುವಾಗ ಪೈಪ್ ಕೆಲಸ ಮಾಡಿದ್ದನಂತೆ. ಮುಖ್ಯ ವಾಲ್ವ್ ಗೋಡೆಯ ಹಿಂದೆ ಎಲ್ಲಿದೆ ಅಂತ ಅವನಿಗೊಬ್ಬನಿಗೇ ಗೊತ್ತಿತ್ತು. ಯೋಜನೆಯ ಯಾವ ಪುಟದಲ್ಲೂ ಅವನ ಹೆಸರಿರಲಿಲ್ಲ.

ಇದು ನಮ್ಮೊಬ್ಬರ ದಡ್ಡತನ ಅಂತ ತುಂಬಾ ವರ್ಷ ಅಂದುಕೊಂಡಿದ್ದೆ. ಆಮೇಲೆ ಓದಿದೆ. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಅಪ್ಪಳಿಸಿದಾಗ ಬೆಲ್‌ವ್ಯೂ ಆಸ್ಪತ್ರೆಯ ಜನರೇಟರ್‌ಗಳು 13ನೇ ಮಹಡಿಯಲ್ಲಿ ಸುರಕ್ಷಿತವಾಗಿದ್ದವು. ಇಂಧನ ಪಂಪ್ ಮಾತ್ರ ನೆಲಮಾಳಿಗೆಯಲ್ಲಿ ಮುಳುಗಿತು. ಸಿಬ್ಬಂದಿ, ಸೈನಿಕರು ಸಾಲಾಗಿ ನಿಂತು ಮೆಟ್ಟಿಲ ಮೇಲೆ ಕೈಯಿಂದ ಕೈಗೆ ಇಂಧನ ಸಾಗಿಸಿದರು. 13 ಮಹಡಿ!

2021ರ ಅಕ್ಟೋಬರ್ 4 ನೆನಪಿದೆಯಾ? ಫೇಸ್‌ಬುಕ್, ವಾಟ್ಸ್ಆಪ್, ಇನ್‌ಸ್ಟಾಗ್ರಾಂ ಎಲ್ಲವೂ ಸುಮಾರು ಆರು ಗಂಟೆ ಸತ್ತಿದ್ದವು. ಯಾವುದೋ ಮಾಮೂಲಿ ನಿರ್ವಹಣೆ ಕೆಲಸದಲ್ಲಿ ಕೊಟ್ಟ ಒಂದು ಆದೇಶ, ಅವರ ಡೇಟಾ ಸೆಂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಜಾಲವನ್ನೇ ಕಡಿದು ಹಾಕಿತು. ತಪ್ಪು ಆದೇಶವನ್ನು ತಡೆಯಬೇಕಿದ್ದ ಸಾಫ್ಟ್‌ವೇರ್‌ನಲ್ಲೂ ದೋಷ ಇತ್ತು. ರಿಪೇರಿಗೆ ಬೇಕಿದ್ದ ಒಳಗಿನ ಸಾಧನಗಳು ಅದೇ ಜಾಲದ ಮೇಲೆ ಓಡುತ್ತಿದ್ದವು, ಅವೂ ಬಿದ್ದವು. ಇಂಜಿನಿಯರುಗಳೇ ಡೇಟಾ ಸೆಂಟರ್‌ಗೆ ಹೋಗಬೇಕಾಯಿತು. ಹೊರಗಿನವರು ಸುಲಭಕ್ಕೆ ಒಳಗೆ ಬಾರದಂತೆ ಮಾಡಿದ್ದ ಬಿಗಿ ಭದ್ರತೆ ತಮ್ಮವರನ್ನೂ ತಡವಾಗಿಸಿತು. ಡ್ರಿಲ್ ಮಾಡದ ಸಂಸ್ಥೆಯೇನಲ್ಲ ಅದು. ಒಂದೊಂದು ಡೇಟಾ ಸೆಂಟರ್, ಒಂದೊಂದು ಪ್ರದೇಶವನ್ನೇ ಬೇಕಂತ ಕೆಡವಿ ನೋಡುತ್ತಿದ್ದವರು. ಆದರೆ ಇಡೀ ಜಾಲವೇ ಹೋದರೆ ಎಂಬ ಡ್ರಿಲ್ ಒಮ್ಮೆಯೂ ಮಾಡಿರಲಿಲ್ಲ ಎಂದು ಅವರೇ ಒಪ್ಪಿಕೊಂಡರು.

ಇನ್ನೊಂದು, ನನಗೆ ತುಂಬಾ ಇಷ್ಟವಾದ ಕಥೆ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ವೈರಸ್ ದೊಡ್ಡ ಹಡಗು ಕಂಪನಿ ಮೇರ್ಸ್ಕ್‌ನ ಕಂಪ್ಯೂಟರ್‌ಗಳನ್ನು ಅಳಿಸಿ ಹಾಕಿತು. ಇಡೀ ಜಾಲದಲ್ಲಿ ಯಾರು ಯಾರು, ಯಾರಿಗೆ ಯಾವ ಬಾಗಿಲು ತೆರೆಯಬೇಕು ಎಂದು ಲೆಕ್ಕ ಇಡುವ ಸರ್ವರ್‌ಗಳು ಲೋಕದ ತುಂಬ ಇದ್ದವು, ಒಂದು ಕೆಟ್ಟರೆ ಇನ್ನೊಂದು ಅಂತ. ಎಲ್ಲವೂ ಒಟ್ಟಿಗೇ ಹೋಗುತ್ತವೆ ಅಂತ ಯಾರೂ ಎಣಿಸಿರಲಿಲ್ಲ. ಉಳಿದದ್ದು ಒಂದೇ, ಘಾನಾ ದೇಶದ್ದು. ಯಾಕೆ ಗೊತ್ತಾ? ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಆ ಮಾಹಿತಿಯನ್ನು ವಿಮಾನದಲ್ಲಿ ಹೊತ್ತು ತಂದು ಮತ್ತೆ ಎಲ್ಲವನ್ನೂ ಕಟ್ಟಿದರು. ಹತ್ತು ದಿನದಲ್ಲಿ 4,000 ಸರ್ವರ್, 45,000 ಕಂಪ್ಯೂಟರ್ ಹೊಸದಾಗಿ ಹಾಕಿದರಂತೆ. ಅಷ್ಟು ದೊಡ್ಡ ಕಂಪನಿಯನ್ನು ಕಾಪಾಡಿದ್ದು ಒಂದು ಪವರ್ ಕಟ್.

ಹಾಗಾಗಿ ಮೇಡಂ, ಮೊದಲು ಮಾಡಬೇಕಾದ ಕೆಲಸ ಇದು. ಯೋಜನೆಯಲ್ಲಿರುವ ಪ್ರತಿ ಸಾಮಾನು, ಪ್ರತಿ ನಂಬರ್, ಪ್ರತಿ ಕೀ ಮೇಲೆ ಬೆರಳಿಟ್ಟು ಕೇಳಿ: ಏನು ಕೆಡುತ್ತದೆ ಅಂತ ಇದನ್ನು ಇಟ್ಟಿದ್ದೀವೋ, ಅದು ಕೆಟ್ಟಾಗ ಇದು ನನ್ನ ಕೈಗೆ ಸಿಗುತ್ತಾ?

ಎರಡನೆಯದು ಅಪ್ಪಣೆ. ಆ ರಾತ್ರಿ ಯಂತ್ರಗಳನ್ನು ನಿಲ್ಲಿಸಬೇಕು ಅಂತ ನನಗೆ ಐದನೇ ನಿಮಿಷಕ್ಕೇ ಗೊತ್ತಿತ್ತು. ನಿಲ್ಲಿಸುವ ಅಧಿಕಾರ ಇರಲಿಲ್ಲ. ಇದ್ದವರು ಫೋನ್ ಎತ್ತಲಿಲ್ಲ. ಅವರದೇನು ತಪ್ಪು, ಮಲಗಿದ್ದರು. ಮುಕ್ಕಾಲು ಗಂಟೆ ಕಾದೆ. ಕಾದದ್ದಕ್ಕೆ ಆದ ನಷ್ಟವೇ ನೀರಿಂದ ಆದದ್ದಕ್ಕಿಂತ ಜಾಸ್ತಿ.

2024ರ ಜನವರಿ 2ರಂದು ಟೋಕಿಯೋದ ಹನೆಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಇಳಿಯುತ್ತಲೇ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಆ ಸಣ್ಣ ವಿಮಾನದಲ್ಲಿದ್ದ ಐವರು ಸತ್ತರು. ದೊಡ್ಡದರಲ್ಲಿದ್ದ 379 ಜನರೂ ಬದುಕಿದರು. ಒಳಗೆ ಘೋಷಣೆ ಮಾಡುವ ಮೈಕ್ ಕೆಟ್ಟಿತ್ತು, ಸಿಬ್ಬಂದಿ ಮೆಗಾಫೋನ್ ಹಿಡಿದು, ಗಂಟಲು ಹರಿದುಕೊಂಡು ಕೂಗಿದರು. ಎಂಟು ಬಾಗಿಲಲ್ಲಿ ಮೂರೇ ತೆರೆಯುವಂತಿದ್ದವು. ಅದರಲ್ಲಿ ಹಿಂದಿನದನ್ನು ತೆರೆಯಲು ಪೈಲಟ್ ಅಪ್ಪಣೆ ಕೇಳೋಣ ಎಂದರೆ ಇಂಟರ್‌ಕಾಂ ಇಲ್ಲ. ಅಲ್ಲಿದ್ದ ಸಿಬ್ಬಂದಿ ತಾವೇ ನಿರ್ಧರಿಸಿ ತೆರೆದರು. ಹಾಗೆ ಮಾಡಬಹುದು ಅಂತ ಅವರಿಗೆ ಮೊದಲೇ ಹೇಳಿಕೊಟ್ಟಿದ್ದರು. ನಮ್ಮಲ್ಲಾಗಿದ್ದರೆ ಮೇಲಿಂದ ಆರ್ಡರ್ ಬರಲಿ ಅಂತಿದ್ದೆವೇನೋ.

ನಿಮ್ಮ ಮುಂಬಾಗಿಲ ಹುಡುಗಿಗೆ ಒಂದೇ ಹಾಳೆ ಬರೆದುಕೊಡಿ. ಯಾರನ್ನೂ ಕೇಳದೆ ಅವಳು ಏನೇನು ಮಾಡಬಹುದು. ಗಂಟೆ ಬಾರಿಸಬಹುದಾ? ಗೇಟ್ ತೆಗೆಸಬಹುದಾ? ಅಗ್ನಿಶಾಮಕದವರಿಗೆ ಫೋನ್ ಮಾಡಬಹುದಾ? ಆಮೇಲೆ ತಪ್ಪು ಎಚ್ಚರಿಕೆ ಎಂದು ಗೊತ್ತಾದರೂ ಬೈಯಲ್ಲ ಅಂತ ಕೆಳಗೆ ನಿರ್ದೇಶಕರ ಸಹಿ ಹಾಕಿಸಿ. ಆ ಸಹಿ ಇಲ್ಲದಿದ್ದರೆ ಹಾಳೆ ವೇಸ್ಟು.

ಸುಮ್ನೆ ಓದುಗ:

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಯಾಕೆ? ಯೋಜನೆ ಇರುವುದು ಆಡಿಟ್‌ಗೆ. ನಿಜವಾದ ಆಪತ್ತು ಬಂದಾಗ ಯಾವುದೂ ಕಾಗದದ ಪ್ರಕಾರ ನಡೆಯಲ್ಲ. ಆ ಹೊತ್ತಿಗೆ ಬುದ್ಧಿ ಇದ್ದವರು ಏನೋ ಮಾಡ್ತಾರೆ, ಇಲ್ಲದವರು ಓಡ್ತಾರೆ. ರಾತ್ರಿಪಾಳಿ ಸರ್ ಹೇಳಿದ ಕಥೆಯಲ್ಲೇ ನೋಡಿ, ಉಳಿಸಿದ್ದು ಗಾರ್ಡ್ ಮತ್ತು ಪವರ್ ಕಟ್. ಎರಡೂ ಅದೃಷ್ಟ.

ಹೊಳೆದಂಡೆ:

ಸುಮ್ನೆ ಓದುಗ ಅವರೇ, ಅರ್ಧ ಒಪ್ತೀನಿ. ಕಾಗದದ ಪ್ರಕಾರ ನಡೆಯಲ್ಲ, ನಿಜ. ಆದರೆ ಕಾಗದದಲ್ಲಿ ಏನು ಬರೆದಿತ್ತು ಅನ್ನುವುದರ ಮೇಲೆ ಜೀವ ಹೋಗಿದೆ, ಉಳಿದಿದೆ. ನಾನು ಸರ್ಕಾರಿ ಕೆಲಸದಲ್ಲಿದ್ದು ನೆರೆ ಪರಿಹಾರ ಮಾಡಿದವನು. ಅದಕ್ಕೇ ಬಾಯಿ ಹಾಕ್ತಿದ್ದೇನೆ.

2011ರ ಮಾರ್ಚ್ 11. ಜಪಾನಿನ ಭೂಕಂಪ, ಸುನಾಮಿ. ಇಶಿನೊಮಾಕಿಯಲ್ಲಿ ಒಕಾವಾ ಎಂಬ ಪ್ರಾಥಮಿಕ ಶಾಲೆ. ಭೂಮಿ ನಡುಗಿದ ಮೇಲೆ ಮಕ್ಕಳನ್ನು ಅಂಗಳಕ್ಕೆ ತಂದು ನಿಲ್ಲಿಸಿದರು. ಶಾಲೆಯ ಹಿಂದೆಯೇ ಗುಡ್ಡ ಇತ್ತು. ಸುನಾಮಿ ಬರುವವರೆಗೆ ಹತ್ತಿರ ಹತ್ತಿರ 50 ನಿಮಿಷ ಸಮಯವಿತ್ತು. ಎಲ್ಲಿಗೆ ಹೋಗಬೇಕೆಂದು ತೀರ್ಮಾನ ಆಗಲಿಲ್ಲ. 74 ಮಕ್ಕಳು, 10 ಮಂದಿ ಸಿಬ್ಬಂದಿ ಹೋದರು. ಶಾಲೆಯ ಕೈಪಿಡಿಯಲ್ಲಿ ಜಾಗದ ಬಗ್ಗೆ ಬರೆದಿದ್ದು ಇಷ್ಟೇ: ಹತ್ತಿರದ ಖಾಲಿ ಜಾಗ, ಪಾರ್ಕ್ ಇತ್ಯಾದಿ. ಆ ಸುತ್ತ ಅಂಥ ಸರಿಯಾದ ಜಾಗವೇ ಇರಲಿಲ್ಲ.

ಮೇಡಂ, ನಿಮ್ಮ "ಸಂಬಂಧಪಟ್ಟ ಅಧಿಕಾರಿ" ಓದಿದಾಗ ನನಗೆ ಮೊದಲು ನೆನಪಾದದ್ದೇ ಆ "ಇತ್ಯಾದಿ".

ಹೆತ್ತವರು ಕೋರ್ಟಿಗೆ ಹೋದರು. 2018ರಲ್ಲಿ ಸೆಂಡೈ ಹೈಕೋರ್ಟ್ ತಪ್ಪನ್ನು ಬರೀ ಆ ಮಧ್ಯಾಹ್ನಕ್ಕೆ ಕಟ್ಟಲಿಲ್ಲ. ಮೊದಲೇ ಕೈಪಿಡಿ ಸರಿಮಾಡಿ ಜಾಗ, ದಾರಿ ನಿಗದಿ ಮಾಡಬೇಕಿತ್ತು, ಸ್ಥಳೀಯ ಶಿಕ್ಷಣ ಇಲಾಖೆ ಅದನ್ನು ಪರೀಕ್ಷಿಸಬೇಕಿತ್ತು ಎಂದಿತು. ಮರುವರ್ಷ ಸುಪ್ರೀಂ ಕೋರ್ಟ್ ಅದನ್ನೇ ಉಳಿಸಿತು. ಫೈಲ್‌ಗೆ ಸಹಿ ಹಾಕುವವರು ಓದಬೇಕಾದ ತೀರ್ಪು.

ಅದೇ ದಿನ, ಅದೇ ಸುನಾಮಿ, ಕಮೈಶಿ ಪಟ್ಟಣ. ಅಲ್ಲಿ ಉನೊಸುಮಾಯಿ ಎಂಬಲ್ಲಿ ಒಂದು ಹಿರಿಯ ಮಕ್ಕಳ ಶಾಲೆ, ಒಂದು ಕಿರಿಯ ಮಕ್ಕಳ ಶಾಲೆ ಅಕ್ಕಪಕ್ಕ. ಸುನಾಮಿ ನೀರು ಎಲ್ಲಿವರೆಗೆ ಬರಬಹುದು ಅಂತ ತೋರಿಸುವ ಅಪಾಯದ ನಕ್ಷೆಯ ಹೊರಗೇ ಆ ಶಾಲೆಗಳೂ ಇದ್ದವು, ಒಕಾವಾ ಕೂಡ ಹೊರಗೇ ಇತ್ತು. ಕಮೈಶಿಯ ಮಕ್ಕಳಿಗೆ ವರ್ಷಗಟ್ಟಲೆ ಹೇಳಿಕೊಟ್ಟ ಮೊದಲ ಪಾಠವೇ ನಕ್ಷೆಯನ್ನು ನಂಬಬೇಡಿ ಅಂತ. ಎರಡನೆಯದು ಆ ಹೊತ್ತಿಗೆ ಕೈಲಾದಷ್ಟೂ ಮಾಡಿ, ಮೂರನೆಯದು ನೀವೇ ಮೊದಲು ಓಡಿ. ದೊಡ್ಡ ಮಕ್ಕಳು ಓಡಿದರು. ಅವರನ್ನು ನೋಡಿ ಕಿರಿಯ ಶಾಲೆಯವರೂ ಓಡಿದರು, ದೊಡ್ಡವರು ಚಿಕ್ಕವರ ಕೈ ಹಿಡಿದರು. ನಿಗದಿಯಾಗಿದ್ದ ಜಾಗ ತಲುಪಿದ ಮೇಲೂ ಇದು ಸಾಲದು ಎಂದು ಇನ್ನೂ ಮೇಲಕ್ಕೆ, ಅಲ್ಲಿಂದ ಇನ್ನೂ ಮೇಲಕ್ಕೆ ಹೋದರು. ಪಟ್ಟಣದ ಸುಮಾರು 3,000 ಶಾಲಾ ಮಕ್ಕಳಲ್ಲಿ ಹತ್ತಿರ ಹತ್ತಿರ ಎಲ್ಲರೂ ಉಳಿದರು. ಅದನ್ನು ಪವಾಡ ಎಂದವರಿದ್ದಾರೆ. ವರ್ಷಗಟ್ಟಲೆ ಮಾಡಿದ ಅಭ್ಯಾಸಕ್ಕೆ ಪವಾಡ ಅಂತ ಯಾಕೆ ಹೆಸರಿಡಬೇಕೋ ನನಗೆ ತಿಳಿಯದು.

ಸರ್ಕಾರಗಳು ಕಲಿಯುವುದಿಲ್ಲ ಅಂತಲೂ ಅಲ್ಲ. 1999ರ ಅಕ್ಟೋಬರ್ 29ರ ಚಂಡಮಾರುತದಲ್ಲಿ ಒಡಿಶಾದಲ್ಲಿ ಹತ್ತಿರ ಹತ್ತಿರ 10,000 ಜನ ಸತ್ತರು. ಅದೇ ವರ್ಷ ಅಲ್ಲಿ ವಿಪತ್ತು ನಿರ್ವಹಣೆಗೇ ಒಂದು ಪ್ರಾಧಿಕಾರ ಕಟ್ಟಿದರು. ಕರಾವಳಿಯಲ್ಲಿ ಆಶ್ರಯ ಕಟ್ಟಡಗಳು ಎದ್ದವು, ಹಳ್ಳಿಯವರಿಗೇ ತರಬೇತಿ ಕೊಟ್ಟರು. 2013ರ ಅಕ್ಟೋಬರ್‌ನಲ್ಲಿ ಫೈಲಿನ್ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸಾಗಿಸಿದರು, ಸತ್ತವರ ಲೆಕ್ಕ ಎರಡಂಕಿ ದಾಟಲಿಲ್ಲ. ಮಧ್ಯೆ ಹದಿನಾಲ್ಕು ವರ್ಷ. ಆ ವರ್ಷಗಳ ಕೆಲಸ ಯಾರ ಕಣ್ಣಿಗೂ ಬೀಳುವಂಥದ್ದಲ್ಲ, ಅದಕ್ಕೇ ಎಲ್ಲ ಕಡೆ ದುಡ್ಡು ಕತ್ತರಿಸುವಾಗ ಮೊದಲು ಕತ್ತರಿಸುವುದೂ ಅದನ್ನೇ.

ಕತ್ತರಿಸಿದರೆ ಏನಾಗುತ್ತದೆ ಅಂತಲೂ ಹೇಳ್ತೀನಿ. 2004ರ ಜುಲೈನಲ್ಲಿ ಅಮೆರಿಕದಲ್ಲಿ ನ್ಯೂ ಆರ್ಲಿಯನ್ಸ್ ಮುಳುಗಿದರೆ ಏನು ಮಾಡುವುದು ಎಂದು ಐದು ದಿನ ಅಣಕು ಕಾರ್ಯಾಚರಣೆ ಮಾಡಿದರು. ಇಲ್ಲದ ಚಂಡಮಾರುತಕ್ಕೆ ಪ್ಯಾಮ್ ಅಂತ ಹೆಸರೂ ಇಟ್ಟರು. ಕಾರಿಲ್ಲದವರನ್ನು ಹೇಗೆ ಸಾಗಿಸುವುದು ಎಂಬ ಭಾಗ ಪೂರ್ತಿ ಆಗಲಿಲ್ಲ, ಮುಂದಿನ ಸಭೆಗೆ ಹಣ ಸಾಲದೆ ಅದು ಬಿದ್ದುಹೋಯಿತು. 2005ರ ಆಗಸ್ಟ್ 29ರಂದು ಕತ್ರಿನಾ ಬಂತು. ಊರಲ್ಲಿ ಸಿಕ್ಕಿಕೊಂಡವರಲ್ಲಿ ಬಹಳ ಜನ ಕಾರಿಲ್ಲದವರು. ಬಸ್ಸುಗಳು ಇದ್ದವು, ನಿಂತಲ್ಲೇ ನೀರಲ್ಲಿ ಮುಳುಗಿದವು. ಪ್ರಶ್ನೆ ಮೊದಲೇ ಗೊತ್ತಿತ್ತು ನೋಡಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಇಲ್ಲಿ ಬಾಗಿಲಿಗೆ ಅಳತೆ ತೆಗೆದು ಮರ ತರಲಿಲ್ಲ.

ನನ್ನ ಅನುಭವ ಸಣ್ಣದು. ನಮ್ಮ ಹತ್ತಿರ ನಡೆಯಲಾಗದವರ ಪಟ್ಟಿ ಇತ್ತು. ಚೆಂದದ ಪಟ್ಟಿ, ಮನೆ ನಂಬರ್ ಸಮೇತ. ದೋಣಿ ತಗೊಂಡು ಹೋದರೆ ಮೊದಲ ಮನೆಯ ಅಜ್ಜ ತೀರಿಕೊಂಡು ವರ್ಷವಾಗಿತ್ತು. ಎರಡನೆಯವರು ಮಗಳ ಊರಿಗೆ ಹೋಗಿದ್ದರು. ಮೂರನೇ ಮನೆ ಹುಡುಕುವಾಗ ಪಕ್ಕದ ಮನೆ ಕಿಟಕಿಯಿಂದ ಒಬ್ಬಾಕೆ ಕೂಗಿದಳು, ಅವಳ ಅತ್ತೆ ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿ ಮಾಡಿ ಎರಡು ವರ್ಷವಾಗಿತ್ತು, ಅಷ್ಟೇ. ನಿಮ್ಮ ಫೋನ್ ನಂಬರ್‌ಗಳ ಪುಟಕ್ಕೆ ತಾರೀಖು ಹಾಕಿ ಮೇಡಂ. ಮೂರು ತಿಂಗಳಿಗೊಮ್ಮೆ ಒಬ್ಬರು ಕೂತು ಎಲ್ಲ ನಂಬರ್‌ಗೂ ಫೋನ್ ಮಾಡಲಿ. ಬೇರೆ ಏನೂ ಮಾಡದಿದ್ದರೂ ಇದೊಂದು ಮಾಡಿ.

ಕಡತದ ಹುಳು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಒಕಾವಾ ಓದಿ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ.

ಇನ್ನೊಂದು ಕೇಳಲೇ? ಹೊರಗಿನವರಿಗೆ, ಕೆಲಸದವರ ಮನೆಯವರಿಗೆ ಏನು ಹೇಳಬೇಕು ಅಂತ ನನ್ನ ಯೋಜನೆಯಲ್ಲಿ ಒಂದೇ ಸಾಲಿದೆ: "ಪರಿಸ್ಥಿತಿ ನಿಯಂತ್ರಣದಲ್ಲಿದೆ ಎಂದು ಪ್ರಕಟಣೆ ನೀಡುವುದು."

ಮೈಕ್ ಹಿಂದೆ:

ಅಯ್ಯೋ, ಆ ಸಾಲನ್ನು ಈಗಲೇ ಅಳಿಸಿ. ಪ್ರಕಟಣೆ ಬರೆಯುವುದೇ ಹೊಟ್ಟೆಪಾಡಾಗಿದ್ದವಳು ನಾನು. ಪರಿಸ್ಥಿತಿ ನಿಯಂತ್ರಣದಲ್ಲಿದೆ ಎಂದು ಯಾರಾದರೂ ಹೇಳಿದರೆ ಜನ ಮೊದಲು ಮಾಡುವ ಕೆಲಸ ಮಕ್ಕಳನ್ನು ಮನೆಗೆ ಕರೆಯುವುದು.

ಒಮ್ಮೆ ನಮ್ಮಲ್ಲಿ ಒಂದು ಅನಾಹುತ ಆಯಿತು. ಅರ್ಧ ಗಂಟೆಯಲ್ಲಿ ಮೂರು ಪ್ಯಾರಾ ಬರೆದುಕೊಟ್ಟೆ. ಅದು ಕಾನೂನು ವಿಭಾಗಕ್ಕೆ ಹೋಯಿತು, ಅಲ್ಲಿಂದ ಮೇಲಕ್ಕೆ, ಮತ್ತೆ ಕೆಳಕ್ಕೆ. ಆರು ಗಂಟೆ ಕಳೆದು ವಾಪಸ್ ಬಂದಾಗ ಒಂದೇ ವಾಕ್ಯ ಉಳಿದಿತ್ತು, ಅದಕ್ಕೂ ಅರ್ಥ ಇರಲಿಲ್ಲ. ಅಷ್ಟರಲ್ಲಿ ಕೆಲಸದವರ ವಾಟ್ಸ್ಆಪ್ ಗುಂಪಿನಲ್ಲಿ ಫೋಟೋ ಸಮೇತ ಎಲ್ಲ ಬಂದಿತ್ತು, ಜೊತೆಗೆ ಆಗದೇ ಇದ್ದ ಎರಡು ಸಾವೂ ಸೇರಿಕೊಂಡಿದ್ದವು. ಒಬ್ಬಾಕೆ ಗೇಟಿನ ಹತ್ತಿರ ಬಂದು ತನ್ನ ಗಂಡನ ಹೆಸರು ಹೇಳಿ ಅಳುತ್ತಿದ್ದಳು. ಆತ ಒಳಗೆ ಚೆನ್ನಾಗಿಯೇ ಇದ್ದ.

2018ರ ಜನವರಿ 13ರಂದು ಹವಾಯಿಯಲ್ಲಿ ಬೆಳಿಗ್ಗೆ 8 ದಾಟುತ್ತಿದ್ದಂತೆ ಎಲ್ಲರ ಫೋನಿಗೂ ಕ್ಷಿಪಣಿ ಬರುತ್ತಿದೆ, ಅಡಗಿಕೊಳ್ಳಿ, ಇದು ಡ್ರಿಲ್ ಅಲ್ಲ ಎಂಬ ಸಂದೇಶ ಹೋಯಿತು. ಪಾಳಿ ಬದಲಾಗುವಾಗ ಮಾಡಿದ ಡ್ರಿಲ್‌ನಲ್ಲಿ ಆದ ತಪ್ಪು. ಅದು ಸುಳ್ಳು ಎಂದು ಅದೇ ಫೋನ್‌ಗಳಿಗೆ ಸಂದೇಶ ಹೋದದ್ದು 38 ನಿಮಿಷದ ಮೇಲೆ. ಎಚ್ಚರಿಕೆ ಕಳಿಸಲು ಸಿದ್ಧ ಸಂದೇಶ ಇತ್ತು, ತಪ್ಪಾಯ್ತು ಎಂದು ಹೇಳಲು ಇರಲಿಲ್ಲ. ರಾಜ್ಯಪಾಲರಿಗೆ ಸುದ್ದಿ ಬೇಗ ಸಿಕ್ಕಿತ್ತು, ತಮ್ಮ ಟ್ವಿಟರ್ ಲಾಗಿನ್ ನೆನಪಿರಲಿಲ್ಲವಂತೆ. ನಗಬೇಡಿ. ನಿಮ್ಮ ಸಂಸ್ಥೆಯ ಪುಟದ ಪಾಸ್‌ವರ್ಡ್ ಭಾನುವಾರ ಯಾರ ಹತ್ತಿರ ಇರುತ್ತದೆ, ಹೇಳಿ ನೋಡೋಣ?

ಎಲ್ಲರೂ ಹೊಗಳುವ ಉದಾಹರಣೆ 1982ರ ಟೈಲೆನಾಲ್ ಎಂಬ ನೋವಿನ ಮಾತ್ರೆಯದು. ಷಿಕಾಗೋ ಸುತ್ತ ಯಾರೋ ಮಾತ್ರೆಗೆ ಸಯನೈಡ್ ಬೆರೆಸಿ ಏಳು ಜನ ಸತ್ತರು. ಜಾನ್ಸನ್ ಅಂಡ್ ಜಾನ್ಸನ್ ದೇಶದ ತುಂಬ ಇದ್ದ ಸುಮಾರು 3 ಕೋಟಿ 10 ಲಕ್ಷ ಬಾಟಲಿ ವಾಪಸ್ ಪಡೆಯಿತು, ತಿಂಗಳೊಪ್ಪತ್ತಿನಲ್ಲಿ ಮೂರು ಸುತ್ತಿನ ಸೀಲ್ ಹಾಕಿದ ಡಬ್ಬಿ ತಂದಿತು. ಪ್ರಚಾರದ ಜಾಣತನ ಅಂತ ಪಾಠ ಮಾಡ್ತಾರೆ. ನನಗೆ ಹಾಗನ್ನಿಸಲ್ಲ. ಬಾಟಲಿ ವಾಪಸ್ ತಗೊಂಡಿದ್ದರಿಂದ ಮಾತಿಗೆ ಬೆಲೆ ಬಂತು. ಕೆಲಸ ಇಲ್ಲದೆ ಬರೀ ಪ್ರಕಟಣೆಯಿಂದ ಏನೂ ಆಗಲ್ಲ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ತೈಲಬಾವಿ ಸ್ಫೋಟವಾಗಿ 11 ಜನ ಸತ್ತ ಮೇಲೆ, ತೈಲ ಇನ್ನೂ ಸಮುದ್ರಕ್ಕೆ ಹರಿಯುತ್ತಿರುವಾಗ, ಬಿಪಿ ಕಂಪನಿಯ ಮುಖ್ಯಸ್ಥ ಟೋನಿ ಹೇವರ್ಡ್ ತನಗೆ ತನ್ನ ಬದುಕು ವಾಪಸ್ ಬೇಕು ಎಂದು ಟಿವಿಯವರ ಮುಂದೆ ಹೇಳಿದರು. ಅದಾದ ಮೇಲೆ ಅವರು ಏನು ಹೇಳಿದರೂ ಯಾರೂ ಕೇಳಲಿಲ್ಲ.

ನೀವು ಬರೆದಿಟ್ಟುಕೊಳ್ಳಬೇಕಾದದ್ದು ಹೀಗಿರಲಿ: ಏನಾಯಿತು ಅಂತ ನಮಗೆ ಈಗ ಗೊತ್ತಿರುವುದು ಇಷ್ಟು. ಇನ್ನೂ ಗೊತ್ತಿಲ್ಲದ್ದು ಇದು. ಮತ್ತೆ ಇಂಥ ಗಂಟೆಗೆ ಹೇಳ್ತೇವೆ. ನಿಮ್ಮವರ ಬಗ್ಗೆ ತಿಳಿಯಲು ಈ ನಂಬರ್. ಮೊದಲ ಸಂದೇಶಕ್ಕೆ ಕಾನೂನು ವಿಭಾಗದ ಒಪ್ಪಿಗೆ ಇವತ್ತೇ, ಬಿಸಿಲಿನ ದಿನದಲ್ಲೇ, ತಗೊಂಡು ಇಟ್ಟುಕೊಳ್ಳಿ. ಮತ್ತೆ ಗಂಟೆ ಹೇಳಿದ ಮೇಲೆ ಆ ಗಂಟೆಗೆ ಹೇಳಲೇಬೇಕು, ಹೊಸದೇನೂ ಇಲ್ಲದಿದ್ದರೂ.

ರಾತ್ರಿಪಾಳಿ:

ಒಂದು ಮಾತು ಬಿಟ್ಟುಹೋಗಿತ್ತು. ಮುಂದಿನ ಡ್ರಿಲ್ ಯಾರಿಗೂ ಹೇಳದೆ ಮಾಡಿ. ನಿರ್ದೇಶಕರು ಸಿಕ್ಕಲ್ಲ ಅಂತ ಇಟ್ಟುಕೊಂಡು ಮಾಡಿ. ಒಂದು ಬಾಗಿಲು ಮುಚ್ಚಿ. ಡ್ರಿಲ್ ಕೆಟ್ಟರೆ ನಿಮಗೆ ಲಾಭ. ಎಲ್ಲ ಸರಿಯಾಯಿತು ಎಂದರೆ ಸುಲಭದ್ದು ಕೊಟ್ಟಿದ್ದೀರಿ ಅಂತ ಅರ್ಥ.

ಕಡತದ ಹುಳು (ಐದು ವಾರದ ಮೇಲೆ):

ಬಂದು ಹೇಳ್ತೀನಿ ಅಂತ ಹೇಳಿರಲಿಲ್ಲ, ಆದರೂ ಬಂದೆ.

ಶನಿವಾರ, ಎರಡನೇ ಶಿಫ್ಟ್. ಗೊತ್ತಿದ್ದದ್ದು ನಿರ್ದೇಶಕರಿಗೆ, ನನಗೆ ಮತ್ತು ಅಗ್ನಿಶಾಮಕದವರಿಗೆ. ನಿರ್ದೇಶಕರನ್ನು ಒಪ್ಪಿಸಲು ಒಕಾವಾ ತೀರ್ಪಿನ ಕಥೆ ಹೇಳಬೇಕಾಯಿತು. ಸಹಿ ಹಾಕಿದವರು ಎಂಬಲ್ಲಿ ಸ್ವಲ್ಪ ಜೋರಾಗಿ ಓದಿದೆ.

ಎಲ್ಲ ಕೆಟ್ಟಿತು. 7 ನಿಮಿಷ ಹೋಗಿ 23 ಆಯಿತು. ಮೂರನೇ ಕಟ್ಟಡದಲ್ಲಿ ಯಂತ್ರದ ಸದ್ದಿಗೆ ಗಂಟೆಯೇ ಕೇಳಿಸಿಲ್ಲ, ಅಲ್ಲಿನ 30 ಜನ ಆರಾಮಾಗಿ ಕೆಲಸ ಮಾಡ್ತಿದ್ದರು. ಹಿಂದಿನ ಗೇಟಿಗೆ ಬೀಗ, ಕೀ ಮೊದಲ ಶಿಫ್ಟ್‌ನ ಗಾರ್ಡ್ ಜೇಬಲ್ಲಿ ಮನೆಗೆ ಹೋಗಿತ್ತು. ಫೋನ್ ಪಟ್ಟಿಯ 18 ನಂಬರಲ್ಲಿ 5 ಚಾಲ್ತಿಯಲ್ಲಿಲ್ಲ. ಹಾಜರಿ ಕೂಗಿದಾಗ ಇಬ್ಬರು ಕಮ್ಮಿ. ಹುಡುಕಿ ಹುಡುಕಿ ನೋಡಿದರೆ ಅವರು ರಜೆ!

ಸರಿಹೋದದ್ದು ಒಂದೇ. ಮುಂಬಾಗಿಲ ಹುಡುಗಿ ಗೋಡೆಗೆ ಅಂಟಿಸಿದ ತನ್ನ ಹಾಳೆ ನೋಡಿ, ಯಾರನ್ನೂ ಕೇಳದೆ, ಎರಡನೇ ನಿಮಿಷಕ್ಕೆ ಅಗ್ನಿಶಾಮಕಕ್ಕೆ ಫೋನ್ ಮಾಡಿದಳು. ಡ್ರಿಲ್ ಅಂತ ಗೊತ್ತಾದ ಮೇಲೆ ಅವಳ ಮುಖ ಬಾಡಿತ್ತು, ಬೈಸಿಕೊಳ್ಳಬೇಕಾಗುತ್ತೆ ಅಂದುಕೊಂಡಿದ್ದಳು. ನಿರ್ದೇಶಕರು ಅವಳ ಹತ್ತಿರ ಹೋಗಿ ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಆಮೇಲೆ ನಗುತ್ತಿದ್ದಳು.

64 ಪುಟ ಈಗ 9 ಆಗಿದೆ. ಆಡಿಟ್‌ನವರು ಏನಂತಾರೋ ಗೊತ್ತಿಲ್ಲ.

ರಾತ್ರಿಪಾಳಿ:

23 ನಿಮಿಷ ಒಳ್ಳೆಯದೇ. ಹಿಂದಿನ ಗೇಟಿಗೆ ಇನ್ನೊಂದು ಕೀ ಮಾಡಿಸಿದಿರಾ?

ಕಡತದ ಹುಳು:

ಅರ್ಜಿ ಕೊಟ್ಟಿದ್ದೇನೆ ಸರ್. ಸಂಬಂಧಪಟ್ಟ ಅಧಿಕಾರಿಯ ಮೇಜಿನ ಮೇಲಿದೆಯಂತೆ.

ರಾತ್ರಿಪಾಳಿ:

ಬೀಗದವನನ್ನು ನೀವೇ ಕರೆಸಿ.